ಸುಳ್ಳು ಏಟು

"ಏನ್ ಬಿತ್ತಲೇ ಏಟು!" ಎಂದು ತಾಯಣ್ಣ ತೊಡೆ ತಟ್ಟಿದ. ಟೀವಿಯಲ್ಲಿ ಕಿವಿಗೆ ಹೊಡೆತ ತಿಂದ ಜಟ್ಟಿ ಆಗಲೇ ಎದ್ದು ನಿಂತಿದ್ದ. ಮಾನ್ವಿಯ ಆ ಓಣಿಗೆಲ್ಲ ಇದ್ದದ್ದು ಹೀರಾಬಿಯ ಮನೆಯ ವಿಸಿಆರ್ ಒಂದೇ. ಭಾನುವಾರ ಮಧ್ಯಾಹ್ನ ಅವಳು ಕುಸ್ತಿ ಕ್ಯಾಸೆಟ್ ಹಾಕಿದರೆ ನೆರೆಹೊರೆಯವರೆಲ್ಲ ಸೇರುತ್ತಿದ್ದರು.

"ಸುಳ್ಳದು," ಎಂದಳು ತಾಯಣ್ಣನ ಹೆಂಡತಿ ಮೂಕಮ್ಮ, ಟೀವಿಯಿಂದ ಕಣ್ಣು ತೆಗೆಯದೆ. "ಕಿವಿಗಿ ಖರೇ ಬಿದ್ರ ಹಂಗ ಏಳಾಕ ಬರಂಗಿಲ್ಲ. ಗೋಡಿ ಹಿಡಕೋಬೇಕು. ಆ ಕಿವಿ ದಿನಗಟ್ಲೆ ಗುಂಯ್ ಅಂತಿರ್ತದ."

ಎಲ್ಲರ ಕಣ್ಣು ತನ್ನ ಎಡಗಿವಿಯ ಮೇಲೆ ಬಿಗಿದ ಸೆರಗಿಗೆ ಹೊರಳಿದಾಗಲೇ ತಾನು ಏನಂದೆ ಎಂಬುದು ಮೂಕಮ್ಮನಿಗೆ ತಿಳಿದದ್ದು. ಗಂಡನ ಕಡೆ ತಿರುಗುವ ಧೈರ್ಯ ಬರಲಿಲ್ಲ. ಅವನು ಎದ್ದು ಚಪ್ಪಲಿ ಮೆಟ್ಟಿದ ಸಪ್ಪಳ ಬಲಗಿವಿಗೆ ಕೇಳಿಸಿತು.

"ನಡಿ ಮನಿಗಿ," ಎಂದ ಬಾಗಿಲಿನಿಂದ, ಬಹಳ ಮೆತ್ತಗೆ. ಅವಳು ಏಳಹೋದಳು.

ಹೀರಾಬಿ ಅವಳ ಭುಜ ಒತ್ತಿ ಕೂರಿಸಿದಳು. "ಕುಸ್ತಿ ಮುಗೀಲಿ ತಡೀರಿ ತಾಯಣ್ಣ. ಮುಗಿದ ಮ್ಯಾಲ ಕಳಸ್ತೀನಿ."

ಕುಸ್ತಿ ಮುಗಿಯಿತು. ತಾಯಣ್ಣ ಬಾಗಿಲಲ್ಲಿ ಇನ್ನೂ ನಿಂತೇ ಇದ್ದ. ಹೀರಾಬಿ ಎದ್ದು ಹೋಗಿ ಕ್ಯಾಸೆಟ್ಟನ್ನು ಮತ್ತೆ ಮೊದಲಿಗೆ ತಿರುಗಿಸಿದಳು.