ಶೆಡ್ಡಿನ ಬೀಗ

ಮಗ ಲೇತ್ ಕೆಲಸದ ವಿಭಾಗಕ್ಕೆ ಸೇರಿದ್ದಾನೆ ಎಂದು ಗೊತ್ತಾದ ಮಧ್ಯಾಹ್ನವೇ ಹತ್ತಿ ವ್ಯಾಪಾರಿ ಕೆಂಚವೀರಪ್ಪ ಅಂಗಡಿಯಿಂದ ನೇರವಾಗಿ ಹೈಸ್ಕೂಲಿಗೆ ಬಂದರು. ಹೆಡ್‌ಮಾಸ್ಟರ್ ರಾಮಚಂದ್ರಪ್ಪ ಎದ್ದು ಕುರ್ಚಿ ಎಳೆದುಕೊಟ್ಟರು. ಕೆಂಚವೀರಪ್ಪ ಕೂಡಲಿಲ್ಲ.

ಶಾಲೆಯ ಪಕ್ಕದ ತಮ್ಮ ಖಾಲಿ ಜಾಗದಲ್ಲಿ ಶೆಡ್ಡು ಹಾಕಿಸಿ, ಅದರೊಳಗೆ ಕಬ್ಬಿಣ ಕಡೆಯುವ ಲೇತ್ ಯಂತ್ರ ಕೂರಿಸಿದವರು ಅವರೇ. ದಾವಣಗೆರೆಯ ಬಡವರ ಮಕ್ಕಳು ಕೈಕೆಲಸ ಕಲಿತು ಹರಿಹರದ ಕಾರ್ಖಾನೆಗೆ ಸೇರಲಿ ಎಂಬುದು ಅವರ ಆಸೆ. ಆ ಆಸೆ ಸುಳ್ಳೇನೂ ಆಗಿರಲಿಲ್ಲ. ಅರವತ್ತೊಂದನೇ ಇಸವಿಯಲ್ಲಿ ಶಾಲೆಗೆ ಹೊಸ ಪದ್ಧತಿ ಬಂತು. ಒಂಬತ್ತನೇ ತರಗತಿಯ ಹುಡುಗರು ವಾಣಿಜ್ಯವೋ, ವ್ಯವಸಾಯವೋ, ಯಂತ್ರದ ಕೆಲಸವೋ ತಮ್ಮ ತಮ್ಮ ಆಸಕ್ತಿಯಂತೆ ಆರಿಸಿಕೊಳ್ಳಬಹುದಿತ್ತು. ಕೆಂಚವೀರಪ್ಪನವರ ಒಬ್ಬನೇ ಮಗ ನಾಗರಾಜ ಯಂತ್ರದ ಕೆಲಸವನ್ನು ಆರಿಸಿಕೊಂಡಿದ್ದ. ದೀಪಾವಳಿಯವರೆಗೂ ಮನೆಯಲ್ಲಿ ಹೇಳಿರಲಿಲ್ಲ.

“ಅದನ್ನ ಕಟ್ಟಿಸಿದ್ದು ಇಲ್ಲದೋರ ಮಕ್ಕಳಿಗೆ, ಮೇಷ್ಟ್ರೆ. ನನ್ನ ಮಗನಿಗಲ್ಲ.”

ಹುಡುಗರ ಮನಸ್ಸು ಎತ್ತ ಇದೆಯೋ ಅತ್ತ ಬಿಡಬೇಕೆಂದು ಸರ್ಕಾರದ ಆದೇಶವಿದೆ, ತಾವಾಗಿ ಹೆಸರು ಹೊಡೆದುಹಾಕಲು ಬರುವುದಿಲ್ಲ ಎಂದು ರಾಮಚಂದ್ರಪ್ಪ ವಿನಯದಿಂದಲೇ ಹೇಳಿದರು. ಹುಡುಗನನ್ನೇ ಕರೆಸಿದರು. ನಾಗರಾಜ ಕೈ ಒರೆಸಿಕೊಳ್ಳುತ್ತ ಬಂದ. ಅಪ್ಪನನ್ನು ಕಂಡರೂ ಮಾತು ತಡವರಿಸಲಿಲ್ಲ. “ಅಪ್ಪಾಜಿ, ನನಗೆ ಈ ಕೆಲಸ ಸೇರ್ತೈತೆ. ಅಂಗಡಿ ಸೇರಲ್ಲ.” ಕೆಂಚವೀರಪ್ಪ ಮಗನ ಉಗುರಿನ ಸಂದಿಯ ಕಪ್ಪು ಎಣ್ಣೆಯನ್ನೇ ನೋಡುತ್ತ ನಿಂತರು. ಹೆಡ್‌ಮಾಸ್ಟರ ಎದುರು ಕೈಯೆತ್ತಲಾಗಲಿಲ್ಲ. ಹಾಗೇ ಹೊರಟುಹೋದರು.

ಸೋಮವಾರ ಹುಡುಗರು ಬಂದಾಗ ಶೆಡ್ಡಿಗೆ ಬೀಗ ಬಿದ್ದಿತ್ತು. ಕಿಟಕಿಯಲ್ಲಿ ಇಣುಕಿದರೆ ಒಳಗೆ ಸೂರಿನವರೆಗೂ ಹತ್ತಿ ತುಂಬಿದ ದೊಡ್ಡ ಮೂಟೆಗಳು, ಅಂಡಿಗೆಗಳು. ಲೇತ್ ಯಂತ್ರ ಒಂದು ಮೂಲೆಯಲ್ಲಿ ಗೋಣಿತಟ್ಟು ಹೊದ್ದು ನಿಂತಿತ್ತು. ರಾಮಚಂದ್ರಪ್ಪ ಕೇಳಲು ಹೋದರು. ಹತ್ತಿ ಬರುವ ಕಾಲ, ಬೇರೆಲ್ಲೂ ಜಾಗವಿಲ್ಲ, ಮುಂದೆ ನೋಡೋಣ ಎಂದು ಕೆಂಚವೀರಪ್ಪ ಮರ್ಯಾದೆಯಿಂದ ಹೇಳಿದರು. ಜಾಗ ಅವರದು, ಶೆಡ್ಡೂ ಅವರದು. ಸಾಹುಕಾರರು ಕೊಟ್ಟ ಕಾಫಿ ಕುಡಿದು ಹೆಡ್‌ಮಾಸ್ಟರು ವಾಪಸ್ಸು ಬಂದರು. ಲೇತ್ ಕಲಿಸುತ್ತಿದ್ದ ಮೌಲಾ ಸಾಬರನ್ನು ಮನೆಗೆ ಕಳಿಸಿದ್ದಾಯಿತು. ಹುಡುಗರ ಕೈಗೆ ಸಲಿಕೆ ಕೊಟ್ಟು ವ್ಯವಸಾಯ ವಿಭಾಗದ ಗುಂಡಿ ತೋಡಲು ಹಚ್ಚಿದರು. ಬೀಗ ಯಾಕೆ ಬಿತ್ತೆಂದು ಯಾರೂ ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ನಾಗರಾಜನ ಜೊತೆ ಮಾತಾಡುವವರೇ ಇಲ್ಲವಾದರು.

ಒಂದು ಸಂಜೆ ಮೈಲಮ್ಮ ಕೆಂಚವೀರಪ್ಪನವರ ಮನೆಯ ಹಿತ್ತಲ ಬಾಗಿಲಿಗೆ ಬಂದಳು. ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನಲ್ಲಿ ಕಸ ಆರಿಸುವ ಹೆಂಗಸು. ಅವಳ ಮಗ ದುರುಗಣ್ಣನೂ ಅದೇ ಶೆಡ್ಡಿನಲ್ಲಿ ಕಲಿಯುತ್ತಿದ್ದ. ಸಾಹುಕಾರರನ್ನು ಕೇಳಲು ಬಂದಿರಬೇಕು ಎಂದುಕೊಂಡು ನಾಗರಾಜ, ಅಪ್ಪ ಮನೆಯಲ್ಲಿಲ್ಲ ಎಂದ. ಅವಳು ಬಂದದ್ದು ಅವನ ಹತ್ತಿರವೇ.

“ಸಣ್ಣ ಸಾವ್ಕಾರ್ರೆ, ನಿಮಗೆ ಅಂಗಡಿ ಐತೆ. ಆ ಕೆಲ್ಸಕ್ಕೆ ನೀವ್ಯಾಕ ಬಂದ್ರಿ?” ಧ್ವನಿಯಲ್ಲಿ ಸಿಟ್ಟಿರಲಿಲ್ಲ.

“ನನಗದು ಇಷ್ಟ.”

“ನಮ್ಮ ದುರುಗಣ್ಣಗೆ ಅದು ಹೊಟ್ಟೆಪಾಡು. ನನಗೆ ಇಷ್ಟ ಇಲ್ಲ ಅಂತ ಅಪ್ಪಾರ ಮುಂದೆ ಒಂದು ಮಾತು ಅಂದ್ಬಿಡ್ರಿ. ಬೀಗ ತೆಗೀತಾರೆ.”

“ಇಷ್ಟ ಐತಲ್ಲ ಮೈಲಮ್ಮ.”

“ಗೊತ್ತೈತ್ರಿ. ಅದಕ್ಕೇ ಕೇಳಾಕ ಬಂದೀನಿ.”

ಮರುದಿನ ನಾಗರಾಜ ಅಂಗಡಿಗೆ ಹೋದ. ಯಂತ್ರದ ಕೆಲಸ ಬೇಸರ ಬಂದಿದೆ, ವಾಣಿಜ್ಯಕ್ಕೆ ಸೇರುತ್ತೇನೆ ಎಂದ. ಕೆಂಚವೀರಪ್ಪನವರಿಗೆ ತಮ್ಮ ಕಿವಿಯನ್ನೇ ನಂಬಲಾಗಲಿಲ್ಲವೋ ಅಥವಾ ಇನ್ನೊಮ್ಮೆ ಕೇಳುವ ಆಸೆಯೋ, ಗುಮಾಸ್ತರನ್ನು ಕರೆದು ಅವರ ಎದುರಿಗೂ ಮಗನ ಬಾಯಿಂದ ಅದನ್ನೇ ಹೇಳಿಸಿದರು. ಹುಡುಗ ಹೇಳಿದ. ವಾರದೊಳಗೆ ಅಂಡಿಗೆಗಳು ಗಾಡಿಯೇರಿದವು. ಮೌಲಾ ಸಾಬರು ಯಂತ್ರಕ್ಕೆ ಎಣ್ಣೆ ಬಿಟ್ಟರು. ಶೆಡ್ಡಿನಿಂದ ಕಬ್ಬಿಣ ಕೊರೆಯುವ ಸದ್ದು ವಾಣಿಜ್ಯದ ಕೋಣೆಗೂ ಕೇಳುತ್ತಿತ್ತು. ನಾಗರಾಜ ಕಿಟಕಿಯಿಂದ ದೂರದ ಬೆಂಚಿಗೆ ಜಾಗ ಬದಲಿಸಿದ. ಒಮ್ಮೆ ಮೌಲಾ ಸಾಬರು ಬಾಗಿಲಲ್ಲಿ ನಿಂತು, ಬಂದು ಸ್ವಲ್ಪ ಹೊತ್ತು ಕೈ ಆಡಿಸಿ ಹೋಗು ಎಂದು ಕರೆದರು. ಅಂಗಡಿಗೆ ಹೊತ್ತಾಯಿತು ಎಂದು ಹೇಳಿ ಅವನು ನಿಲ್ಲದೆ ನಡೆದ.

ಶಾಲೆ ಮುಗಿದ ವರ್ಷ ಹರಿಹರದ ಕಾರ್ಖಾನೆ ದುರುಗಣ್ಣನನ್ನು ಕೆಲಸ ಕಲಿಯಲು ಸೇರಿಸಿಕೊಂಡಿತು. ಮೈಲಮ್ಮ ಮಗನನ್ನು ಕರೆದುಕೊಂಡು, ಕಾಗದದ ಪೊಟ್ಟಣದಲ್ಲಿ ಸಕ್ಕರೆ ಹಿಡಿದು ಅಂಗಡಿಗೆ ಬಂದಳು. ಕೆಂಚವೀರಪ್ಪ ಗಾದಿಯ ಮೇಲಿದ್ದರು. ಪಕ್ಕದಲ್ಲಿ ಬಿಳಿ ಅಂಗಿ ತೊಟ್ಟ ನಾಗರಾಜ. ತಾವು ಕಟ್ಟಿಸಿದ ಶೆಡ್ಡಿನಿಂದ ಒಬ್ಬ ಹುಡುಗ ದಡ ಸೇರಿದ್ದಕ್ಕೆ ಸಾಹುಕಾರರಿಗೆ ನಿಜವಾಗಿಯೂ ಸಂತೋಷವಾಯಿತು. ದುರುಗಣ್ಣನ ಬೆನ್ನು ತಟ್ಟಿ, ಒಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಂಡರು.

“ನಮ್ಮ ಹುಡುಗನೂ ಸ್ವಲ್ಪ ದಿನ ಹೋದ. ಅವನಿಗೆ ಅದರಾಗ ಆಸಕ್ತಿನೇ ಇರಲಿಲ್ಲ. ಇಲ್ಲದ್ದನ್ನ ನಾವು ತುರುಕಾಕ ಆಗ್ತೈತೇನು ಮೈಲಮ್ಮ?”

ನಾಗರಾಜ ತಲೆಯೆತ್ತಿ ಮೈಲಮ್ಮನನ್ನು ನೋಡಿದ.

“ಆಗಲ್ರಿ ಸಾವ್ಕಾರ್ರೆ,” ಎಂದಳು ಮೈಲಮ್ಮ. ಪೊಟ್ಟಣವನ್ನು ನಾಗರಾಜನ ಕಡೆ ಚಾಚಿದಳು. “ಬಾಯಿ ಸಿಹಿ ಮಾಡ್ಕಳ್ರಿ, ಸಣ್ಣ ಸಾವ್ಕಾರ್ರೆ.”