ಬಯ್ಯುವುದಕ್ಕಾದರೂ

"ಆಪ್‌ಗಳ ಕೋಡ್ ಇಡೋ ಎರಡು ವೆಬ್‌ಸೈಟೂ ಸೇರಿ ಒಂದಾಗೋದ್ವು ದೊಡ್ಡಪ್ಪ. ನಮ್ಮ ನಕ್ಷೆ ಆಪೂ ಒಸ ಸೈಟ್‌ಗೆ ಬಂದದೆ," ಎಂದು ಪವಿತ್ರ ಲ್ಯಾಪ್‌ಟಾಪ್ ತಿರುಗಿಸಿದಳು. ಸುತ್ತಲ ಊರಿನವರೆಲ್ಲ ಸೇರಿ ಪುಕ್ಕಟೆಯಾಗಿ ಕಟ್ಟಿದ ಆಪ್ ಅದು. ಹನೂರಿನ ಕಡೆಯ ದಾರಿ, ಅಂಗಡಿಗಳನ್ನು ದೊಡ್ಡಪ್ಪ ಮಾದಯ್ಯ ಹೇಳುತ್ತಿದ್ದ, ಅವಳು ಬರೆಯುತ್ತಿದ್ದಳು.

"ಅಳೇದ್ರಲ್ಲಿ ನಾವೆಲ್ಲಾ ಬರ್ಕೊಂಡಿದ್ದ ಮಾತೆಲ್ಲಾ ಎಲ್ಲಿ ಕೂಸೆ?"

"ಅವು ಬರ್ಲಿಲ್ಲ. ಜನಾನೂ ಚದುರೋದ್ರು."

ಮಾದಯ್ಯನ ಬೆರಳು ಖಾಲಿ ಪರದೆಯ ಮೇಲೆ ನಿಂತಿತು. ಹಿಂದೆಲ್ಲ ನಕ್ಷೆಯಲ್ಲಿ ಒಂದು ದಾರಿ ತಪ್ಪಾಗಿ ಬಿದ್ದರೆ ಸಾಕು, ಕೊಳ್ಳೇಗಾಲದ ಪ್ರಭುಸ್ವಾಮಿ "ಲೇ ಮಾದಯ್ಯ, ಕಣ್ಣಿಲ್ವೇನ್ಲಾ?" ಎಂದು ಬರೆಯುತ್ತಿದ್ದ, ಯಳಂದೂರಿನ ಪುಷ್ಪ ಇಬ್ಬರನ್ನೂ ಗದರುತ್ತಿದ್ದಳು. ಮುಖವನ್ನೇ ನೋಡದವರು ನೆಂಟರಾಗಿಬಿಟ್ಟಿದ್ದರು.

"ಬರಿ ಕೂಸೆ," ಎಂದ ಮಾದಯ್ಯ. "ಅಜ್ಜೀಪುರದ ಟೀ ಅಂಗಡಿ ಹೂಗ್ಯಂನಲ್ಲಿ ಅದೆ ಅಂತ."

"ಅಯ್ಯೋ, ತಪ್ಪಲ್ವಾ ದೊಡ್ಡಪ್ಪ?"

"ತಪ್ಪೇ ಕಣ ಕೂಸೆ. ಬಯ್ಯಕ್ಕಾದ್ರೂ ಪ್ರಭುಸ್ವಾಮಿ ಬರ್ಲಿ."