ಕಂಪ್ಯೂಟರ್ ಆನ್ ಆಗುವಷ್ಟರಲ್ಲಿ

ನಮ್ಮನೆ ಕಂಪ್ಯೂಟರ್ ಆನ್ ಆಗಲು ಹದಿನೈದು ನಿಮಿಷ ಬೇಕು. ನಮ್ಮವರು ಬೇಸತ್ತು ಕೊನೆಗೆ ರಿಪೇರಿಗೆ ಹೇಳಿಕಳಿಸಿದರು. ಬಂದ ಹುಡುಗಿ ಕೊರಳಲ್ಲಿ ತಾಳಿಯ ಜೊತೆ ಪೆನ್‌ಡ್ರೈವನ್ನೂ ನೇತುಹಾಕಿಕೊಂಡಿದ್ದಳು.

ಕಂಪ್ಯೂಟರ್ ತೆರೆದು ನೋಡಿದವಳೇ ಹುಬ್ಬೇರಿಸಿದಳು.

"ಆಂಟಿ, ಆನ್ ಮಾಡಿದ ತಕ್ಷಣ ನಲವತ್ತು ಪ್ರೋಗ್ರಾಂ ಒಟ್ಟಿಗೇ ಶುರುವಾಗೋ ಹಾಗೆ ಇಟ್ಟಿದ್ದಾರೆ. ತೆಗೆದುಬಿಟ್ರೆ ಅರ್ಧ ನಿಮಿಷ ಸಾಕು. ಯಾರು ಮಾಡಿದ್ದು ಇದನ್ನ?"

"ಮೆಲ್ಲಗೆ ಮಾತಾಡಮ್ಮ," ಎಂದೆ.

ಅಷ್ಟರಲ್ಲಿ ನಮ್ಮವರು ಎರಡು ಲೋಟ ಕಾಫಿ ತಂದಿಟ್ಟು ಅಡುಗೆಮನೆಗೆ ವಾಪಸಾದರು.

"ಇಪ್ಪತ್ತೆಂಟು ವರ್ಷ ಇವರಿಗೆ ಸಕ್ಕರೆ ಡಬ್ಬಿ ಯಾವುದು ಅಂತಲೇ ಗೊತ್ತಿರಲಿಲ್ಲ," ನಾನು ಪಿಸುಗುಟ್ಟಿದೆ. "ಈಗ ಅದು ಆನ್ ಆಗೋವರೆಗೆ ಹೊತ್ತು ಹೋಗಲ್ಲ ಅಂತ ದಿನಾ ಬೆಳಿಗ್ಗೆ ಇವರೇ ಕಾಫಿ ಮಾಡ್ತಾರೆ."

ಅವಳು ಒಂದು ಗುಟುಕು ಕುಡಿದಳು. ನನ್ನ ಮುಖ ನೋಡಿದಳು. ಮೌಸಿನ ಮೇಲಿದ್ದ ಕೈ ತೆಗೆದು, ಅಡುಗೆಮನೆಗೆ ಕೇಳುವಂತೆ ಕೂಗಿದಳು.

"ಸರ್, ಇದರ ಜಾಯಮಾನವೇ ಇಷ್ಟು. ನೀವೇ ಸ್ವಲ್ಪ ತಾಳ್ಮೆ ತಗೋಬೇಕು!"

ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿದಳು.

"ಆಂಟಿ, ತಿಂಡಿಗೂ ಆಗೋ ಹಾಗೆ ಇನ್ನೊಂದಿಪ್ಪತ್ತು ಹಾಕಿಕೊಡಲಾ?"